ತಗಡಿನ ಜೋಳ ಬಾಗಿದ್ದು

ಹುಸೇನಬಿ ಅವರೇ, ನಿಮ್ಮ ಮನೆಯವರು ಕೈ ಎತ್ತಿದಾಗಲೆಲ್ಲ ಆ ತಗಡಿನ ಜೋಳದ ಬೆಳೆ ಬಾಗುತ್ತಿತ್ತಲ್ಲ — ಅದು ಅವರ ಕೈಗೆ ಬಾಗಿದ್ದಲ್ಲ. ನಾನು ಗುಂಡಿ ಒತ್ತುತ್ತಿದ್ದೆ. ಎರಡು ತಿಂಗಳು, ದಿನಾ, ಮೇಜಿನ ಕೆಳಗೆ ಕೈ ಇಟ್ಟುಕೊಂಡು, ನಿಮಗಿಬ್ಬರಿಗೂ ಕಾಣದಂತೆ.

ಇಷ್ಟು ಬರೆಯಲು ಆರು ವರ್ಷ ಹಿಡಿಯಿತು.

ರೋಣದ ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು ನಾನು. ಬಾಳೆಲ್ಲ ಮಕ್ಕಳಿಗೆ ಮಾವಿನ ಹಣ್ಣು, ಧ್ವಜ, ನವಿಲು ಬರೆಸಿದ್ದೆ. ನನ್ನದು ಅನ್ನುವ ಒಂದು ಕೆಲಸ ಮಾಡಬೇಕು ಎಂಬ ಹಟಕ್ಕೆ ಬಸ್ ನಿಲ್ದಾಣದ ಹಿಂದಿನ ಹಳೆಯ ಶೇಂಗಾ ಗೋದಾಮು ಹಿಡಿದೆ. ಅಲ್ಲಿ ಒಂದು ಹೊಲ ಮಾಡುವ ಆಸೆ — ತಗಡಿನ ಜೋಳದ ಹೊಲ. ನೋಡಲು ಬಂದವರು ಎದುರು ನಿಂತು ಕೈ ಎತ್ತಿದರೆ ಗಾಳಿ ಬೀಸಿದಂತೆ ಇಡೀ ಬೆಳೆ ಅವರ ಕಡೆ ಬಾಗಬೇಕು. ಮೋಟಾರು, ವೈರುಗಳನ್ನು ಗಜೇಂದ್ರಗಡದ ಪಂಪ್‌ಸೆಟ್ ರಿಪೇರಿಯವರೊಬ್ಬರು ಕೂಡಿಸಿಕೊಟ್ಟರು. ಕೈಯನ್ನು ಗುರುತಿಸುವ ಸೆನ್ಸರನ್ನು ಭುಜದ ಎತ್ತರಕ್ಕೆ ಕೂಡಿಸಿದೆ. ಎಲೆಗಳನ್ನೆಲ್ಲ ಮಾಡಿದವರು ನಿಮ್ಮ ಮನೆಯವರು, ತಗಡಿನ ಅಂಗಡಿಯ ರಾಜೇಸಾಬರು. ಎಣ್ಣೆ ಡಬ್ಬಿ ಕತ್ತರಿಸಿ, ಬಡಿದು, ಒಂದೊಂದೇ.

ನಾನು ಮೊದಲು ಮಾಡಿದ ಎಲೆ ನೋಡಿ ಅವರು ನಕ್ಕಿದ್ದರು. "ಹಿಂಗ ನೆಟ್ಟಗ ನಿಂತ್ರ ಅದು ಜೋಳ ಅಲ್ರಿ ಅಕ್ಕೋರ, ಕತ್ತಿ ಆತು. ಎಲಿಗೆ ತನ್ನ ಭಾರ ತನಗ ಗೊತ್ತಿರಬೇಕು."

ಕೊನೆಯ ಸಾಲು ಉಳಿದಿರುವಾಗಲೇ ಅವರಿಗೆ ಲಕ್ವಾ ಹೊಡೆಯಿತು. ಬಲಗೈ. ಮಾತು ಉಳಿಯಿತು, ತೊದಲು ತೊದಲಾಗಿ. ಕೆಲಸ ಮುಗಿದ ಮೇಲೆ ನೀವು ಅವರ ತೋಳು ಹಿಡಿದುಕೊಂಡು ಬಂದಿರಿ. ತಮ್ಮ ಕೈಯಿಂದಾದದ್ದನ್ನು ಅವರು ನೋಡಬೇಕೆಂದಿರಿ. ನೋಡುವವರು ನಿಲ್ಲಲೆಂದು ನೆಲಕ್ಕೆ ಹಾಕಿದ್ದ ಗುರುತಿನ ಮೇಲೆ ಅವರು ನಿಂತರು. ಕೈ ಎತ್ತಿದರು — ಎದೆಯವರೆಗೆ ಬಂತು, ಅಲ್ಲೇ ನಡುಗುತ್ತ ನಿಂತಿತು. ಆ ಮುಖ! ನನಗೆ ನೋಡಲಾಗಲಿಲ್ಲ. ಮೋಟಾರು ಪರೀಕ್ಷಿಸಲು ಮೇಜಿನ ಕೆಳಗೆ ಒಂದು ಗುಂಡಿ ಇಟ್ಟಿದ್ದೆ. ಒತ್ತಿಬಿಟ್ಟೆ.

ಹೊಲವೆಲ್ಲ ಸರಸರ ಸದ್ದು ಮಾಡುತ್ತ ಅವರ ಕಡೆ ಬಾಗಿತು.

"ಬಾಗಿತ್ರಿ ಅಕ್ಕೋರ! ನೋಡ್ರಿಲ್ಲೆ, ಇವರ ಕೈಗೆ ಬಾಗಿತು!" ಎಂದು ಕೂಗಿದಿರಿ. ಅವರು ಅಳುತ್ತಿದ್ದರು. ಇದೊಂದೇ ಸಲ ಅಂದುಕೊಂಡೆ — ಖರೇ ಹೇಳುತ್ತೇನೆ, ಒಂದೇ ಸಲ.

ಆದರೆ ನೀವು ಮರುದಿನವೂ ಬಂದಿರಿ. ದಿನಾ ಬಂದಿರಿ. ವಾರಕ್ಕೆರಡು ಸಲ ಗದಗಿನ ದವಾಖಾನಿಗೆ ಕೈಯ ವ್ಯಾಯಾಮಕ್ಕೆ ಹೋಗುವುದನ್ನು ಬಿಟ್ಟಿರಿ. "ಬಸ್ಸಿನ್ಯಾಗ ಬಡಕೋತ ಯಾಕ್ ಹೋಗೂದ್ರಿ, ಇಲ್ಲೇ ಏಳಾಕತ್ತೈತಲ್ಲ ಕೈ" ಎಂದಿರಿ. ಹೋಗ್ರಿ, ಬಿಡಬ್ಯಾಡ್ರಿ ಎಂದೆ — ಮೆಲ್ಲಗೆ, ಒಂದೇ ಸಲ, ನಿಮಗೆ ಕೇಳಿಸಿತೋ ಇಲ್ಲವೋ ಎಂಬಂತೆ. ಗಟ್ಟಿಯಾಗಿ ಹೇಳಿದ್ದರೆ ಯಾಕೆ ಎಂದು ನೀವು ಕೇಳುತ್ತಿದ್ದಿರಿ.

ಸೆನ್ಸರನ್ನು ಒಂದು ಗೇಣು ಕೆಳಗಿಳಿಸಿದ್ದರೆ ಸಾಕಾಗಿತ್ತು. ಅವರ ಕೈ ಎಷ್ಟು ಏಳುತ್ತಿತ್ತೋ ಅಷ್ಟಕ್ಕೇ ಬೆಳೆ ಬಾಗುತ್ತಿತ್ತು, ಸುಳ್ಳೇ ಬೇಕಿರಲಿಲ್ಲ. ಇಳಿಸಲಿಲ್ಲ. ಇಳಿಸಿದರೆ ಯಾರು ಸುಮ್ಮನೆ ಹಾದುಹೋದರೂ ಬೆಳೆ ಅಲುಗುತ್ತಿತ್ತು, ನಾನು ಅಂದುಕೊಂಡಿದ್ದ ಚೆಂದ ಕೆಡುತ್ತಿತ್ತು. ಅಷ್ಟಕ್ಕೆ.

ತಂಗಿಯ ಮಗಳ ನಿಶ್ಚಯಕ್ಕೆ ನರಗುಂದಕ್ಕೆ ಹೊರಟಾಗ ಗೋದಾಮಿನ ಕೀಲಿಯನ್ನು ನಿಮ್ಮ ಕೈಗೇ ಕೊಟ್ಟೆ. ಗುಂಡಿಯ ವಿಷಯ ಮರೆತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಮರೆತಿರಲಿಲ್ಲ. ಬಸ್ಸಿನಲ್ಲಿ ನೆನಪಾಗಿತ್ತು. ಫೋನ್ ತೆಗೆದೆ. ಇವತ್ತು ಹೋಗಬ್ಯಾಡ್ರಿ ಎಂದರೆ ಏನು ಕಾರಣ ಕೊಡಲಿ? — ಫೋನು ಮತ್ತೆ ಚೀಲಕ್ಕೆ ಹೋಯಿತು.

ತಿರುಗಿ ಬಂದಾಗ ಗೋದಾಮಿನ ಮೆಟ್ಟಿಲ ಮೇಲೆ ನೀವೊಬ್ಬರೇ ಕೂತಿದ್ದಿರಿ.

"ನಿನ್ನೆ ಮುಂಜಾನಿಂದ ಮಧ್ಯಾಹ್ನದ ಮಟಾ ಎತ್ತಿದ್ರು ಅಕ್ಕೋರ. ಒಂದು ಎಲಿನೂ ಅಲುಗಲಿಲ್ಲ. ಆಮ್ಯಾಲೆ ನನಗ ಎತ್ತು ಅಂದ್ರು. ನಾ ಎತ್ತಿದೆ, ಬಾಗಿತು. ಮತ್ತ ಅವರು ಎತ್ತಿದ್ರು, ಇಲ್ಲ." ನನ್ನ ಮುಖ ನೋಡಿ ಕೇಳಿದಿರಿ, "ಮಷೀನ ಕೆಟ್ಟೈತೇನ್ರಿ?"

ನೀವು ಕೇಳಿದ್ದು ಪ್ರಶ್ನೆಯಾಗಿರಲಿಲ್ಲ. ಹೌದು ಅನ್ನಿರಿ ಎಂದು ಬೇಡುತ್ತಿದ್ದಿರಿ. ಒಂದು ಮಾತು ಸಾಕಿತ್ತು. ಆದರೆ ಮುಂದಿನ ವಾರ ಧಾರವಾಡದಿಂದ ನಾಲ್ಕು ಜನ ಕಲಾವಿದರು ನೋಡಲು ಬರುವವರಿದ್ದರು; ಕೆಟ್ಟಿದೆ ಎಂಬ ಸುದ್ದಿ ಊರಲ್ಲಿ ಹಬ್ಬಿದರೆ — ಹಾಗೆ ಲೆಕ್ಕ ಹಾಕಿದೆನೋ, ಅಥವಾ ನನ್ನ ಕೆಲಸವನ್ನು ಯಾರಾದರೂ ಕೆಟ್ಟಿದೆ ಅಂದದ್ದನ್ನೇ ತಡೆದುಕೊಳ್ಳಲಾಗಲಿಲ್ಲವೋ.

"ಮಷೀನ ಚಲೋನ ಐತ್ರಿ," ಅಂದೆ.

ನೀವು ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಎದ್ದು ಹೋದಿರಿ.

ಅವರು ಮತ್ತೆ ಬರಲಿಲ್ಲ. ಕೈ ಎತ್ತುವುದನ್ನೇ ಬಿಟ್ಟರೆಂದು ಕೇಳಿದೆ. ನೀವು ಅಂಗಡಿ ಮುಚ್ಚಿ ಯಾವಗಲ್ ಊರಿಗೆ, ನಿಮ್ಮ ಅಣ್ಣನ ಮನೆಗೆ ಹೋದಿರಿ. ಧಾರವಾಡದವರು ಬಂದರು, ಕೈ ಎತ್ತಿದರು, ಬೆಳೆ ಬಾಗಿತು, ಹೊಗಳಿದರು. ನಾನು ನಕ್ಕೆ ಕೂಡ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ತಿಳಿದು ಯಾವಗಲ್ಲಿಗೆ ಬಂದೆ. ಹೇಳಬೇಕೆಂದೇ ಬಂದಿದ್ದೆ. ಬಲಗೈ ಎದೆಗೆ ಸೆಟೆದುಕೊಂಡು, ಕಡೀಕ ಅಂಗಿ ತೊಡಿಸುವುದೂ ಕಷ್ಟವಾಗಿತ್ತು ಎಂದು ಹೇಳುತ್ತಲೇ ನನ್ನ ಮುಂದೆ ಚಹಾ ಇಟ್ಟಿರಿ. "ನಿಮ್ಮ ಮ್ಯಾಲೆ ಅವರಿಗೆ ಸಿಟ್ಟಿರಲಿಲ್ರಿ ಅಕ್ಕೋರ. ಅಕ್ಕೋರ ಕೆಲಸ ಭಾಳ ಪಕ್ಕಾ, ನನ್ನ ಕೈನ ಸುಳ್ಳು ಹೇಳ್ತು, ಅಂತಿದ್ರು."

ಚಹಾ ಕುಡಿದೆ. ಬಸ್ಸಿನ ಹೊತ್ತಾಯಿತೆಂದು ಎದ್ದೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ನಿಮಗೆ ಓದು ಬಾರದು; ಅಕ್ಕಪಕ್ಕದವರಿಂದ ಓದಿಸಿಕೊಳ್ಳುವ ಸಂಕಟ ನಿಮಗೆ ಬೇಡ. ಸೋಮವಾರ ಬಂದು ನಿಮ್ಮೆದುರು ಕೂತು ನಾನೇ ಓದುತ್ತೇನೆ. ಎದ್ದು ಹೋಗು ಅಂದರೆ ಹೋಗುತ್ತೇನೆ. ಕ್ಷಮಿಸಿ ಎಂಬ ಮಾತನ್ನು ಎಲ್ಲಿಯೂ ಬರೆದಿಲ್ಲ, ಬರೆಯುವ ಧೈರ್ಯವಿಲ್ಲ.

ಒಂದೇ ಒಂದು ಸಂಗತಿ ನಿಮಗೆ ಗೊತ್ತಿರಬೇಕು. ಅದನ್ನು ಅವರಿಗೆ ಹೇಳಬೇಕಿತ್ತು, ಇನ್ನು ಆಗುವುದಿಲ್ಲ. ನಾನು ನರಗುಂದಕ್ಕೆ ಹೋದ ಆ ದಿನ ಅವರ ಕೈ ಸೋತಿರಲಿಲ್ಲ. ಹಿಂದಿನ ದಿನ ಎಷ್ಟು ಎದ್ದಿತ್ತೋ ಅಷ್ಟೇ ಎದ್ದಿದ್ದೀತು. ಮುಂಜಾನೆಯಿಂದ ಅಷ್ಟು ಹಟ ಹಿಡಿದು ಎತ್ತಿದವರು — ಒಂದು ಬೆರಳು ಹೆಚ್ಚೇ ಎತ್ತಿದ್ದರೇನೋ. ನೋಡಲು ನಾನು ಅಲ್ಲಿರಲಿಲ್ಲ.