ಜಪಾನಿ ಜೋಡಿಗೆ ಚೆಂಡುಹೂವಿನ ಮಾಲೆ

ನಮ್ಮ ಅಂಗಡಿಯ ಗೋಡೆಯಲ್ಲಿ ಗಣಪತಿ, ಲಕ್ಷ್ಮಿಯರ ಪಕ್ಕದಲ್ಲೇ ಕೋಟು ತೊಟ್ಟ ಇಬ್ಬರು ಜಪಾನೀಯರಿದ್ದರು. ದೇವರಿಗೆ ಕೈ ಮುಗಿಯುವ ಗಿರಾಕಿಗಳಿಂದ ಅವರಿಗೂ ಒಂದು ನಮಸ್ಕಾರ ಸಲ್ಲುತ್ತಿತ್ತು. ನಾನು ತಿದ್ದಲು ಹೋಗುತ್ತಿರಲಿಲ್ಲ.

ಟೇಪ್‌ರೆಕಾರ್ಡರು, ಟಿವಿ ಮಾಡುವ ಹೆಸರಾಂತ ಕಂಪನಿಯೊಂದನ್ನು ಹುಟ್ಟುಹಾಕಿದ ಪಾಲುದಾರರು ಅವರು. ಒಬ್ಬರು ಮಾಡುವವರು, ಇನ್ನೊಬ್ಬರು ಮಾರುವವರು ಎಂದು ಹಳೆಯ ಪತ್ರಿಕೆಯೊಂದರಲ್ಲಿ ಓದಿ, ಚಿತ್ರ ಕತ್ತರಿಸಿ ಕಟ್ಟು ಹಾಕಿಸಿದ್ದೆ. ತೊಂಬತ್ತರ ದಶಕದ ಪುಣೆಯಲ್ಲಿ, ಭೋಸರಿಯ ನಮ್ಮ ರಿಪೇರಿ ಅಂಗಡಿಯಲ್ಲೂ ಅದೇ ಏರ್ಪಾಡು. ನನ್ನ ಪಾಲುದಾರ ಸದಾನಂದ ಶೆಟ್ಟರು ಉಡುಪಿ ಕಡೆಯ ಹೋಟೆಲ್ ಮನೆತನದವರು. ದೋಸೆಯ ಸಟ್ಟುಗ ಬಿಟ್ಟು ಸ್ಕ್ರೂಡ್ರೈವರ್ ಹಿಡಿದು ಮನೆಯವರ ಮುನಿಸಿಗೆ ಗುರಿಯಾದವರು. ಮಾತು ಮಾತ್ರ ತುಟ್ಟಿ. ನಾನೋ ಬಾಗಲಕೋಟೆಯ ಅರಿವೆ ವ್ಯಾಪಾರಸ್ಥರ ಮಗ. ಕೆಟ್ಟ ರೇಡಿಯೋ ಬಿಚ್ಚಲು ಬಾರದು, ಅದು ಯಾಕೆ ಕೆಟ್ಟಿತೆಂದು ಅರ್ಧ ತಾಸು ಹೇಳಬಲ್ಲೆ. ಜಪಾನಿನ ಆ ಮಾರುವವನ ನಗುವನ್ನು ಕನ್ನಡಿಯೆದುರು ಅಭ್ಯಾಸ ಮಾಡಿದ್ದೂ ಉಂಟು.

ಖಂಡೇನವಮಿ, ಅಂದರೆ ಆಯುಧಪೂಜೆ, ಬಂತೆಂದರೆ ನನಗೆ ಹೊಟ್ಟೆಕಿಚ್ಚು. ಶೆಟ್ಟರು ಇಕ್ಕಳ, ಮೀಟರು, ಸೋಲ್ಡರಿಂಗ್ ಐರನ್ ಎಲ್ಲವನ್ನೂ ಒರೆಸಿ, ಕುಂಕುಮ ಹಚ್ಚಿ ಹೂವೇರಿಸುತ್ತಿದ್ದರು. ನನ್ನ ಆಯುಧ ನಾಲಿಗೆ, ಅದಕ್ಕೆ ಹೂವೇರಿಸುವವರಾರು?

ಒಂದು ವರ್ಷ ಅದೇ ಕಂಪನಿಯ ಏಜೆನ್ಸಿಗೆ ಅರ್ಜಿ ಹಾಕಿದೆವು. ಪುಣೆಯ ಕ್ಯಾಂಪ್ ಪೇಟೆಯ ದೊಡ್ಡ ಶೋರೂಮೊಂದು ನಮ್ಮ ಎದುರಾಳಿ. ಸಿಕ್ಕರೆ ಅಂಗಡಿ ಉಳಿಯುತ್ತದೆ. ಇಲ್ಲದಿದ್ದರೆ ಶೆಟ್ಟರು ಅಣ್ಣನ ಹೋಟೆಲಿಗೆ, ನಾನು ಅಪ್ಪನ ಅರಿವೆ ಗಂಟಿಗೆ. ದಸರೆಯ ಬೆಳಿಗ್ಗೆ ಜಪಾನಿನ ಅಧಿಕಾರಿಯೊಬ್ಬರು ಮರಾಠಿ ಮ್ಯಾನೇಜರೊಬ್ಬರ ಜೊತೆ ಬಂದೇಬಿಟ್ಟರು. ಬಾಯಿಪಾಠ ಮಾಡಿಟ್ಟ ಭಾಷಣಕ್ಕೆ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮ್ಯಾನೇಜರರ ಕಣ್ಣು ಗೋಡೆಗೆ ಹೋಯಿತು. ಹಿಂದಿನ ದಿನದ ಪೂಜೆಯಲ್ಲಿ ಶೆಟ್ಟರು ಜಪಾನಿ ಜೋಡಿಗೂ ದಪ್ಪ ಮಾಲೆ ಹಾಕಿ, ಹಣೆಗೆ ಕುಂಕುಮವಿಟ್ಟಿದ್ದರು.

“ಅಹೋ, ಜಿವಂತ ಮಾಣಸಾಂಚ್ಯಾ ಫೋಟೋಲಾ ಹಾರ?” ಬದುಕಿರುವವರ ಫೋಟೋಕ್ಕೆ ಹಾರವೇ ಎಂದು ಮ್ಯಾನೇಜರರು ಪಿಸುಗುಟ್ಟಿದರು. ನಮ್ಮಲ್ಲಿ ಫೋಟೋಕ್ಕೆ ಹಾರ ಬಿತ್ತೆಂದರೆ ಒಳಗಿರುವವರು ದೇವರಾಗಿರಬೇಕು, ಇಲ್ಲವೇ ದೇವರ ಪಾದ ಸೇರಿರಬೇಕು. ನನ್ನ ನಾಲಿಗೆ ಒಣಗಿಹೋಯಿತು.

“ಶೆಟ್ಟರ, ನೀವ ಏನರ ಹೇಳ್ರಿ!” ಎಂದೆ.

“ಹೇಳ್ಲಿಕ್ಕೆ ಎಂತ ಉಂಟು ಮಾರಾಯ್ರೆ?” ಎನ್ನುತ್ತ ಅವರು ಅತಿಥಿಗಳನ್ನು ತಮ್ಮ ಮೇಜಿನ ಬಳಿ ಕರೆದೊಯ್ದು, ಹೂ ಹೊತ್ತು ಕುಳಿತ ಸಲಕರಣೆಗಳನ್ನು ತೋರಿಸಿದರು. ಹರಕು ಹಿಂದಿಯಲ್ಲಿ ಹೇಳಿದ್ದಿಷ್ಟು: ಇದು ಸತ್ತವರಿಗೆ ಹಾಕಿದ ಮಾಲೆಯಲ್ಲ, ಅನ್ನ ಕೊಡುವ ಎಲ್ಲಕ್ಕೂ ವರ್ಷಕ್ಕೊಮ್ಮೆ ಹೂವೇರಿಸುತ್ತೇವೆ, ಇವರಿಬ್ಬರನ್ನು ನೋಡಿಯೇ ಅಂಗಡಿ ಹಾಕಿದ್ದು, ಇವರನ್ನು ಬಿಡುವುದು ಹೇಗೆ?

ಮ್ಯಾನೇಜರರು ಅದನ್ನು ಇಂಗ್ಲಿಷಿಗೆ ದಾಟಿಸಿದರು. ಅಧಿಕಾರಿ ತಿರುಗಿ ಹೊರಗೆ ಹೋದರು. ಮುಗಿಯಿತು ಕಥೆ ಎಂದುಕೊಂಡೆ. ಅವರು ಬೂಟು ಬಿಚ್ಚಿಟ್ಟು ಮರಳಿ ಬಂದು, ಸೋಲ್ಡರಿಂಗ್ ಐರನ್ನಿನ ಎದುರು ನಡು ಬಗ್ಗಿಸಿದರು. ತಮ್ಮಲ್ಲೂ ದುಡಿದು ಮುರಿದ ಸೂಜಿಗಳಿಗೆ ಗುಡಿಯಲ್ಲಿ ಕೃತಜ್ಞತೆ ಹೇಳುವ ಪದ್ಧತಿಯಿದೆ, ಅಮ್ಮ ಕರೆದೊಯ್ಯುತ್ತಿದ್ದಳು ಎಂದರು. ಮಾಲೆ ತೆಗೆಯಬೇಡಿ ಎಂದೂ ಹೇಳಿದರು.

ಏಜೆನ್ಸಿ ನಮ್ಮದಾಯಿತು! ಹೊಸ ಬೋರ್ಡು ಏರಿದ ದಿನ ಪುಣೆಯಲ್ಲಿ ನನ್ನಷ್ಟು ಎತ್ತರದವನು ಇನ್ನೊಬ್ಬನಿರಲಿಲ್ಲ. ಸಿಕ್ಕಸಿಕ್ಕವರಿಗೆ ಗೆಲುವಿನ ಕಥೆ ಹೇಳಿದೆ. ಹೇಳುತ್ತ ಹೇಳುತ್ತ ಅದರಲ್ಲಿ ಶೆಟ್ಟರ ಮಾತು ಕಡಿಮೆಯಾಗಿ ನನ್ನದು ಬೆಳೆಯಿತು. ಶೆಟ್ಟರೂ ತಿದ್ದಲು ಹೋಗಲಿಲ್ಲ.

ಮರುವರ್ಷದ ಖಂಡೇನವಮಿಯಂದು ಪೂಜೆ ಮುಗಿಸಿ, ಪೇಢೆಯೊಂದನ್ನು ಹಿಡಿದು ನನ್ನೆದುರು ನಿಂತರು. “ಬಾಯಿ ತೆಗೀರಿ ಮಾರಾಯ್ರೆ. ನಿಮ್ಮ ಆಯುಧಕ್ಕೂ ಪೂಜೆ ಆಗ್ಬೇಕಲ್ಲ?”

ನನಗೆ ಕಣ್ಣು ತುಂಬಿ ಬಂತು. ಪೂಜೆಯಾದ ಆಯುಧವನ್ನು ಮರುದಿನದವರೆಗೆ ಬಳಸಬಾರದೆಂಬ ನೇಮ ನೆನಪಾದದ್ದು ಪೇಢೆ ಕರಗಿದ ಮೇಲೆ. ಅಂದು ಗಿರಾಕಿಗಳ ಜೊತೆ ಶೆಟ್ಟರೇ ಮಾತಾಡಿದರು. ವ್ಯಾಪಾರ ಚೆನ್ನಾಗಿಯೇ ಆಯಿತು.