ಹನ್ನೊಂದನೆಯ ಸರದಿ

ಬೀಗದಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಅವನ ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಇನ್ನೆಲ್ಲೂ ಕಾಣುವುದಿಲ್ಲ. ಬಸ್ ನಿಲ್ದಾಣದ ಪಕ್ಕದಲ್ಲಿ ನಾಲ್ಕಡಿ ಅಗಲದ ಅಂಗಡಿ, ಗೋಡೆಯ ತುಂಬಾ ಮೊಳೆಗೆ ನೇತುಹಾಕಿದ ಕೀಲಿಕೈಗಳು, ಅವುಗಳ ಮಧ್ಯೆ ಮೂಗಿನ ತುದಿಗೆ ಕನ್ನಡಕ, ಅದೇ ತುದಿಯಲ್ಲಿ ಕೋಪ. ಕೀಲಿಕೈ ಕಳೆದುಕೊಂಡು ಅಳುಮುಖ ಮಾಡಿಕೊಂಡು ಬಂದವರಿಗೆ ಮೊದಲು ಎರಡು ಬೈಗುಳ, ಆಮೇಲೆ ಕೆಲಸ. ಆ ಮನುಷ್ಯ ತೆರೆಯಲಾರದ ಬೀಗ ನಾನು ಕಂಡಿಲ್ಲ. ತನ್ನ ಬಾಯಿ ತೆರೆದು ಕಷ್ಟ ಹೇಳಿಕೊಳ್ಳುವುದು ಮಾತ್ರ ಅವನಿಗೆ ಬರುತ್ತಿರಲಿಲ್ಲ.

ನಾನು ಟೈಲರ್. ರಸ್ತೆಯ ಆಚೆ ಬದಿಗೆ ನನ್ನ ಅಂಗಡಿ. ನಮ್ಮಿಬ್ಬರನ್ನು ಕಟ್ಟಿಹಾಕಿದ್ದು ದೋಣಿಯ ಹುಚ್ಚು. ಮೀನು ಹಿಡಿಯುವ ದೋಣಿಯಲ್ಲ. ಹಾಯಿ ಕಟ್ಟಿಕೊಂಡು ಭಾನುವಾರ ಗಾಳಿಗೆ ಓಡಿಸುವ ಮರದ ಸಣ್ಣ ದೋಣಿ. ಅದರಿಂದ ಮೂರು ಕಾಸಿನ ಉಪಯೋಗವಿಲ್ಲ ಎಂದು ನನ್ನ ಹೆಂಡತಿ ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾಳೆ. ಅವಳು ಹೇಳುವುದು ನಿಜ. ಆದರೂ ನಮ್ಮೂರಲ್ಲಿ ಅಂಥ ಹನ್ನೊಂದು ಹುಚ್ಚರಿದ್ದೆವು.

ವರ್ಷಕ್ಕೆ ನಾಲ್ಕು ತಿಂಗಳು ನೆಲದ ಕಡೆಯಿಂದ ಒಣಗಾಳಿ ರೊಯ್ಯೆಂದು ಬೀಸುತ್ತದೆ. ಆಗ ಬಂದರಿನವರು ಸಣ್ಣ ದೋಣಿಗಳಿಗೆ ಬಾಗಿಲು ಹಾಕಿಬಿಡುತ್ತಾರೆ. ನಾವು ದೋಣಿಗಳನ್ನು ದಡಕ್ಕೆ ಎಳೆದು, ತಗಡಿನ ಶೆಡ್ಡಿನ ಮುಂದಿನ ಅಂಗಳದಲ್ಲಿ ಮರದ ದಿಮ್ಮಿಗಳ ಆಸರೆಯ ಮೇಲೆ ನಿಲ್ಲಿಸಿ, ಟಾರ್ಪಾಲು ಹೊದಿಸುತ್ತೇವೆ. ಆಮೇಲೆ ಶುರುವಾಗುವುದು ನಮ್ಮ ವನವಾಸ. ಭಾನುವಾರ ಬಂತೆಂದರೆ ಅಂಗಳಕ್ಕೆ ಹಾಜರು. ಒಬ್ಬ ಉಜ್ಜಿದ್ದನ್ನೇ ಉಜ್ಜುತ್ತಾನೆ, ಇನ್ನೊಬ್ಬ ಬಳಿದ ಬಣ್ಣದ ಮೇಲೆ ಬಣ್ಣ ಬಳಿಯುತ್ತಾನೆ. ಏಣಿ ಹತ್ತಿ ದೋಣಿಯೊಳಗೆ ಕೂತು, ಚುಕ್ಕಾಣಿ ಹಿಡಿದು, ಎದುರಿನ ಕಾಂಪೌಂಡ್ ಗೋಡೆಯನ್ನೇ ಗಂಟೆಗಟ್ಟಲೆ ನೋಡುವವರೂ ಇದ್ದಾರೆ. ನಗಬೇಡಿ, ನಾನೂ ಕೂತಿದ್ದೇನೆ. ಅಂಗಡಿಯಲ್ಲಿ ನೇತುಹಾಕಿದ ಶರ್ಟುಗಳ ತೋಳು ಅಲ್ಲಾಡಿದರೆ ಸಾಕು, ನನ್ನ ಕತ್ತರಿ ನಿಂತುಬಿಡುತ್ತಿತ್ತು. ರೇಡಿಯೋದಲ್ಲಿ ಹವಾಮಾನ ಹೇಳುವಾಗ ಬೀಗದಣ್ಣ ಗಿರಾಕಿಯ ಬಾಯನ್ನೇ ಕೈಯಿಂದ ಮುಚ್ಚುತ್ತಿದ್ದ.

ಅವನ ದೋಣಿಯ ನಿಜವಾದ ನಾವಿಕ ಅವನಲ್ಲ, ಅವನ ಹೆಂಡತಿ, ನಮ್ಮೆಲ್ಲರ ಅತ್ತಿಗೆ. ಬೀಗದಣ್ಣ ಹಗ್ಗ ಎಳೆಯುವವನು, ಕೂಗಾಡುವವನು, ಅಷ್ಟೆ. ಚುಕ್ಕಾಣಿ ಅತ್ತಿಗೆಯ ಕೈಯಲ್ಲಿ. ಸೆರಗು ಸೊಂಟಕ್ಕೆ ಬಿಗಿದು, ತುಟಿ ಕಚ್ಚಿ, ಗಾಳಿಯ ಕಡೆಗೆ ಕೆನ್ನೆ ಕೊಟ್ಟು ಕೂತರೆ ನಮ್ಮ ಹತ್ತು ದೋಣಿಗಳನ್ನೂ ಹಿಂದೆ ಹಾಕಿ ದೀಪಸ್ತಂಭ ಸುತ್ತಿ ಬರುತ್ತಿದ್ದರು. ಬಂದ ಮೇಲೆ, "ಏನಪ್ಪ ಟೈಲರೇ, ದಾರಿಯಲ್ಲಿ ಗುಂಡಿ ಹೊಲೀತಾ ನಿಂತ್ಕೊಂಡ್ಯಾ?" ಎಂದು ಕಿಚಾಯಿಸುತ್ತಿದ್ದರು. ಮಕ್ಕಳಿಲ್ಲದ ಆ ಗಂಡ ಹೆಂಡತಿಗೆ ಇದ್ದದ್ದು ಒಬ್ಬರಿಗೊಬ್ಬರು, ಜೊತೆಗೆ ಆ ದೋಣಿ.

ಆ ವರ್ಷ ಗಾಳಿ ಬದಲಾಗುವ ಮೊದಲೇ, ಎಲ್ಲರಿಗಿಂತ ಮುಂಚೆ, ಬೀಗದಣ್ಣ ದೋಣಿ ಮೇಲಕ್ಕೆ ಎಳೆಸಿದ. "ಅಣ್ಣನಿಗೆ ವಯಸ್ಸಾಯ್ತು" ಎಂದು ನಾವು ಆಡಿಕೊಂಡು ನಕ್ಕೆವು. ಕಾರಣ ಬೇರೆಯಿತ್ತು. ನನಗೆ ತಡವಾಗಿ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅತ್ತಿಗೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಲೇಬೇಕು, ಉಳಿದರೂ ಇನ್ನು ದೋಣಿ ಗೀಣಿ ಎಲ್ಲ ಮರೆತುಬಿಡಬೇಕು ಎಂದರು ಡಾಕ್ಟರು. ಆಸ್ಪತ್ರೆಗೆ ಸೇರುವ ದಿನವೂ ಗೊತ್ತಾಯಿತು: ಬಂದರು ತೆರೆಯುವ ತಿಂಗಳ ಹದಿಮೂರು. ಅದಕ್ಕೆ ಮೊದಲು ಒಂದೇ ಒಂದು ಸಲ, ಮೆಲುಗಾಳಿ ಇರುವ ಹೊತ್ತಲ್ಲಿ, ದೀಪಸ್ತಂಭದವರೆಗೆ ಹೋಗಿ ಬರಲಾ ಎಂದು ಅತ್ತಿಗೆ ಕೇಳಿದರಂತೆ. ಆ ಡಾಕ್ಟರು ಒಳ್ಳೆಯವರು, ಹೋಗಿ ಬನ್ನಿ ಎಂದರಂತೆ. ಅತ್ತಿಗೆ ಗಂಡನಿಂದ ಒಂದು ಮಾತು ತೆಗೆದುಕೊಂಡರು: ಯಾರಿಗೂ ಹೇಳಬಾರದು. ಜನ ಮುಖ ಸಣ್ಣ ಮಾಡಿಕೊಂಡು ನೋಡಲು ಬರುವುದು ಅವರಿಗೆ ಆಗುತ್ತಿರಲಿಲ್ಲ.

ನಮ್ಮಲ್ಲಿ ಒಂದು ಕಟ್ಟಳೆಯಿದೆ. ಕೊನೆಗೆ ಮೇಲೆ ಬಂದ ದೋಣಿ ಮೊದಲು ನೀರಿಗೆ ಇಳಿಯಬೇಕು. ಚಕ್ರದ ಗಾಡಿ ಇರುವುದು ಒಂದೇ, ಅದೂ ಉಬ್ಬರದ ಹೊತ್ತಿಗೆ ಮಾತ್ರ ಇಳಿಯುತ್ತದೆ, ಹಾಗಾಗಿ ಬಂದರು ತೆರೆಯುವ ಒಂದನೆಯ ತಾರೀಖಿನಿಂದ ದಿನಕ್ಕೊಂದೇ ದೋಣಿ. ಸರದಿಯನ್ನು ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ನನ್ನದು ಮೂರನೆಯ ತಾರೀಖು, ಬೀಗದಣ್ಣನದು ಹನ್ನೊಂದು. ಇಳಿದ ಕೂಡಲೇ ಹಾಯಿ ಬಿಚ್ಚಿ ಹೊರಡುವ ಹಾಗೂ ಇಲ್ಲ. ನಾಲ್ಕು ತಿಂಗಳ ಒಣಗಾಳಿಗೆ ಹಲಗೆಗಳು ಸೊರಗಿ, ಒಂದಕ್ಕೊಂದರ ನಡುವೆ ಉಗುರು ತೂರುವಷ್ಟು ಬಿರುಕು ಬಿಟ್ಟಿರುತ್ತವೆ. ಆ ಸಂದುಗಳಿಗೆ ಹತ್ತಿಯ ಎಳೆ ತುಂಬುತ್ತೇವೆ, ಆದರೆ ಸಡಿಲವಾಗಿ. ದೋಣಿಯನ್ನು ಮೂರು ದಿನ ನೀರಲ್ಲಿ ಕಟ್ಟಿಹಾಕುತ್ತೇವೆ. ಒಳಗೆ ನೀರು ಸೋರುತ್ತದೆ, ನಾವು ಬಕೆಟ್ಟಿನಲ್ಲಿ ಮೊಗೆಯುತ್ತಾ ಕೂರುತ್ತೇವೆ. ಮರ ನೀರು ಕುಡಿದು ಉಬ್ಬಿ, ಹಲಗೆಗಳು ತಾವೇ ಕೂಡಿಕೊಂಡು ಸೋರಿಕೆ ನಿಲ್ಲುತ್ತದೆ. ಅಲ್ಲಿಯತನಕ ತಾಳ್ಮೆ ಬೇಕು.

ಬಂದರು ತೆರೆಯಲು ಮೂರು ವಾರವಿರುವಾಗ ಒಂದು ಭಾನುವಾರ ಬೀಗದಣ್ಣ ನನ್ನ ಏಣಿಯ ಬುಡಕ್ಕೆ ಬಂದು ನಿಂತ.

"ನಿನ್ನ ಸರದಿ ನನಗೆ ಕೊಡು. ನೀನು ಹನ್ನೊಂದಕ್ಕೆ ಇಳಿಸ್ಕೊ" ಎಂದ.

ದಯವಿಟ್ಟು ಎನ್ನಲಿಲ್ಲ, ಕಾರಣ ಹೇಳಲಿಲ್ಲ. ಸಾಲದ ಬಾಕಿ ಕೇಳಿದ ಹಾಗೆ ಕೇಳಿದ. ನಾಲ್ಕು ತಿಂಗಳು ಕಾದ ನನಗೆ ಪಿತ್ತ ನೆತ್ತಿಗೇರಿತು. ಸುತ್ತ ಎಂಟು ಜನರಿದ್ದರು, ಅವರ ಮುಂದೆ ಬೀಗಬೇಕೆಂಬ ಚಪಲ ಬೇರೆ.

"ಯಾಕಣ್ಣ, ಹನ್ನೊಂದರ ಹೊತ್ತಿಗೆ ಸಮುದ್ರ ಬತ್ತಿಹೋಗುತ್ತಾ? ಅಷ್ಟು ಅವಸರ ಇದ್ದೋನು ಎಲ್ಲರಿಗಿಂತ ಮುಂಚೆ ಹೆದರ್ಕೊಂಡು ಯಾಕೆ ದಡ ಹತ್ತಿದೆ?" ಎಂದೆ.

ಎಲ್ಲರೂ ಘೊಳ್ಳೆಂದು ನಕ್ಕರು. ಅವನ ಕಿವಿ ಕೆಂಪಾಯಿತು. "ಆಯ್ತಪ್ಪ, ನಿನ್ನ ಸರದಿ ನೀನೇ ಇಟ್ಕೊಂಡು ಉಪ್ಪಿನಕಾಯಿ ಹಾಕು" ಎಂದು ಹೊರಟುಹೋದ. ಬೇರೆ ಯಾರನ್ನೂ ಕೇಳಲಿಲ್ಲ. ಅಂದಿನಿಂದ ನಮ್ಮ ಮಾತು ನಿಂತಿತು. ಐವತ್ತು ದಾಟಿದ ಇಬ್ಬರು ಗಂಡಸರು, ರಸ್ತೆಯ ಆಚೆ ಈಚೆ ಕೂತು, ಇಡೀ ದಿನ ಒಬ್ಬರನ್ನೊಬ್ಬರು ನೋಡದಿರಲು ಪಟ್ಟ ಪಾಡು ಹೇಳತೀರದು.

ಅವನ ಲೆಕ್ಕ ಹೀಗಾಯಿತು. ಹನ್ನೊಂದಕ್ಕೆ ಇಳಿಸಿದರೆ ಕೈಗೆ ಸಿಗುವುದು ಹನ್ನೆರಡು ಒಂದೇ ದಿನ. ಮೂರು ದಿನ ನೀರು ಕುಡಿಸುತ್ತಾ ಕೂರುವ ಹಾಗಿಲ್ಲ. ಇಳಿಸಿದ ಗಳಿಗೆಯಿಂದಲೇ ಒಂದು ಹನಿ ಸೋರಬಾರದು. ಸಂದು ತುಂಬುವುದರಲ್ಲಿ ಪಳಗಿದ ನಮ್ಮ ಬಡಗಿ ತಾತ ಆ ವರ್ಷ ಸೊಂಟ ಹಿಡಿದು ಮಲಗಿಬಿಟ್ಟಿದ್ದ. ಹಾಗಾಗಿ ನಾವು ನಾವೇ ತುಂಬಿಕೊಳ್ಳಬೇಕಾಯಿತು. "ಒಣ ಹಲಗೆಗೆ ಜಾಗ ಬಿಡ್ರೋ, ಸೋರೋದು ಕಂಡು ಹೆದರ್ಕೋಬೇಡಿ" ಎಂದು ತಾತ ಮಂಚದ ಮೇಲಿಂದಲೇ ಎಲ್ಲರಿಗೂ ಹೇಳಿ ಕಳಿಸಿದ್ದ. ಬೀಗದಣ್ಣನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಅವನು ದಿನಾ ಸಂಜೆ ಅಂಗಡಿ ಮುಚ್ಚಿ, ಹೆಂಡತಿಯ ಉಸಿರಾಟ ನೋಡಿ, ಅಲ್ಲಿಂದ ನೇರ ಅಂಗಳಕ್ಕೆ ಬರುತ್ತಿದ್ದ. ಸಂದಿಗೆ ಉಳಿ ಇಟ್ಟು ಮರದ ಸುತ್ತಿಗೆಯಿಂದ ಬಡಿಯುತ್ತಿದ್ದ. ನಿನ್ನೆ ತುಂಬಿದ ಸಂದಿಗೆ ಇವತ್ತು ಇನ್ನೊಂದು ಎಳೆ. ನಾಳೆ ಅದರ ಮೇಲೆ ಮತ್ತೊಂದು.

ನನ್ನ ದೋಣಿ ಅವನದಕ್ಕೆ ಹತ್ತಡಿ ದೂರ. ನಾನು ಹೊಲಿಗೆಯವನು, ಎಳೆ ಎಷ್ಟು ಬಿಗಿದರೆ ಬಟ್ಟೆ ಸುಕ್ಕುಗಟ್ಟುತ್ತದೆ ಎಂದು ಬೆರಳಿಗೆ ಗೊತ್ತು. ಸುತ್ತಿಗೆಯ ಸದ್ದಿನಲ್ಲೇ ತಿಳಿಯುತ್ತಿತ್ತು. ಮೆತ್ತಗೆ ಟಪ್ ಟಪ್ ಎನ್ನಬೇಕಾದದ್ದು ಠಣ್ ಠಣ್ ಎನ್ನುತ್ತಿತ್ತು. ಒಂದು ಸಂಜೆ ಕೈಯಲ್ಲಿನ ಬ್ರಷ್ ಕೆಳಗಿಟ್ಟು ಎದ್ದೆ ಕೂಡ. ಎರಡು ಹೆಜ್ಜೆ ಇಟ್ಟೆ. ಅವನು ತಿರುಗಿ ನನ್ನ ಮುಖ ನೋಡಿ, ಬೇಕೆಂದೇ ಪಕ್ಕಕ್ಕೆ ಉಗಿದು, ಮತ್ತೆ ಬಡಿಯಲು ಶುರುಮಾಡಿದ. ಬಡಿದುಕೋ, ನನ್ನದೇನು ಹೋಗುತ್ತದೆ ಎಂದುಕೊಂಡು ವಾಪಸು ಬಂದು ಕೂತೆ. ಈಗಲೂ ಆ ಎರಡು ಹೆಜ್ಜೆ ನೆನಪಾದರೆ ನನ್ನನ್ನು ನಾನೇ ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಮೂರಕ್ಕೆ ನನ್ನ ದೋಣಿ ಇಳಿಯಿತು. ಆರಕ್ಕೆ ನಾನು ಹಾಯಿ ಬಿಚ್ಚಿ ರಾಜನ ಹಾಗೆ ಓಡಾಡಿದೆ.

ಹನ್ನೊಂದರ ಸಂಜೆ ಬೀಗದಣ್ಣನ ದೋಣಿ ಇಳಿಯಿತು. ಒಂದು ಹನಿ ಒಳಗೆ ಬರಲಿಲ್ಲ. ಬಕೆಟ್ ಹಿಡಿದು ನಿಂತಿದ್ದವರೆಲ್ಲ ಬೆರಗಾದರು. ಅವನು ಬಗ್ಗಿ ದೋಣಿಯ ಒಳತಳಕ್ಕೆ ಅಂಗೈ ಒತ್ತಿ ನೋಡಿದ. ಒದ್ದೆಯಾಗದ ಕೈಯನ್ನು ಎಲ್ಲರಿಗೂ ಎತ್ತಿ ತೋರಿಸಿ ಮಗುವಿನ ಹಾಗೆ ನಕ್ಕ. ತಿಂಗಳುಗಳ ನಂತರ ಅವನ ಹಲ್ಲು ಕಂಡಿತು. ಕಟ್ಟೆಗೆ ಹಗ್ಗ ಬಿಗಿದು ಮನೆಗೆ ಓಡಿದ.

ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಕಟ್ಟೆಗೆ ಹೋದಾಗ ಆಟೋ ನಿಂತಿತ್ತು. ಅತ್ತಿಗೆ ಇಳಿದು, ಹತ್ತು ಹೆಜ್ಜೆಗೊಮ್ಮೆ ನಿಂತು, ನಿಧಾನ ಬರುತ್ತಿದ್ದರು. ಸೆರಗು ಮನೆಯಲ್ಲೇ ಸೊಂಟಕ್ಕೆ ಬಿಗಿದುಕೊಂಡು ಬಂದಿದ್ದರು. ಅವರ ತುಟಿ ನೀಲಿಗಟ್ಟಿದ್ದು ಕಂಡು ಓಡಿ ಹತ್ತಿರ ಹೋದೆ.

"ಏನತ್ತಿಗೆ ಇದು? ಹುಷಾರಿಲ್ವಾ?"

"ನಾಳೆ ಆಸ್ಪತ್ರೆಗೆ ಸೇರ್ಬೇಕಪ್ಪ. ಹೃದಯದ ಆಪರೇಷನ್ನು. ಅದಕ್ಕೆ ಇವತ್ತು ಒಂದು ಸುತ್ತು ಹೋಗಿ ಬರೋಣ ಅಂತ" ಎಂದರು. ಆಮೇಲೆ ನನ್ನ ಭುಜದ ಮೇಲಿಂದ ನೀರಿನ ಕಡೆ ನೋಡಿದರು.

ನಾನೂ ತಿರುಗಿದೆ. ದೋಣಿ ತೇಲುತ್ತಿರಲಿಲ್ಲ. ತಳದ ಮರಳಿಗೆ ಕೂತು ಒಂದು ಬದಿಗೆ ವಾಲಿತ್ತು, ಅಂಚಿನ ಮೇಲೆ ಅಲೆ ಹಾದುಹೋಗುತ್ತಿತ್ತು. ರಾತ್ರಿಯೆಲ್ಲ ಹಲಗೆಗಳು ನೀರು ಕುಡಿದು ಉಬ್ಬಿದ್ದವು, ಉಬ್ಬಲು ಜಾಗವೇ ಇರಲಿಲ್ಲ. ಒಂದನ್ನೊಂದು ತಳ್ಳಿ ಮೊಳೆ ಕಿತ್ತು, ಹಲಗೆಗಳನ್ನು ಹಿಡಿದಿಡುವ ಒಳಗಿನ ಬಾಗುಮರಗಳು ಸಾಲಾಗಿ ಮುರಿದು, ತಳದ ಹಲಗೆಯೇ ಕಳಚಿ ಬಂದಿತ್ತು. ಹಾಯಿ ಕಟ್ಟಲೆಂದು ಮುಂಚೆಯೇ ಬಂದಿದ್ದ ಬೀಗದಣ್ಣ ಎದೆಮಟ್ಟದ ನೀರಲ್ಲಿ ನಿಂತು, ಆ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಅದರ ಜಾಗಕ್ಕೆ ಒತ್ತುತ್ತಿದ್ದ. ಅದು ಕೂರುತ್ತಿರಲಿಲ್ಲ. ಅವನು ಒತ್ತುವುದನ್ನು ಬಿಡುತ್ತಿರಲಿಲ್ಲ.

ನನ್ನ ದೋಣಿ ಅಲ್ಲೇ ಹತ್ತು ಮಾರು ದೂರದಲ್ಲಿ, ಹಾಯಿ ಸಿದ್ಧವಾಗಿ, ತೇಲುತ್ತಿತ್ತು. "ಅತ್ತಿಗೆ, ಬನ್ನಿ, ನನ್ನದರಲ್ಲಿ ಹೋಗೋಣ. ಚುಕ್ಕಾಣಿ ನೀವೇ ಹಿಡೀರಿ. ನಿಮ್ಮ ಕಾಲಿಗೆ ಬೀಳ್ತೀನಿ, ಬನ್ನಿ" ಎಂದೆ.

ಅವರು ನನ್ನ ದೋಣಿಯನ್ನು ನೋಡಿದರು. ಆಸೆಯಿಂದಲೇ ನೋಡಿದರು, ಸುಳ್ಳು ಹೇಳುವುದಿಲ್ಲ. ಗಾಳಿ ಕೂಡ ಅವರಿಗೆಂದೇ ಬೀಸುವಂತೆ ಮೆಲ್ಲಗಿತ್ತು. ಆಮೇಲೆ ಗಂಡನನ್ನು ನೋಡಿದರು.

"ಬೇಡಪ್ಪ. ಇವತ್ತು ಅವರನ್ನ ಒಬ್ರನ್ನೇ ಬಿಟ್ಟು ಹೋದ್ರೆ ಅವರು ಬದುಕಲ್ಲ" ಎಂದರು. ಕಟ್ಟೆಯ ತುದಿಗೆ ಹೋಗಿ, ಕೂತು, ಕೈ ಚಾಚಿದರು. "ರೀ, ಮೇಲೆ ಬನ್ನಿ. ಶೀತ ಆಗುತ್ತೆ. ಸಾಕು ಬನ್ನಿ."

ಅವನು ಬಹಳ ಹೊತ್ತು ಬರಲಿಲ್ಲ. ಬಂದ ಮೇಲೆ ಅವರ ಮಡಿಲಲ್ಲಿ ಮುಖ ಹುದುಗಿಸಿ ಗೊಳೋ ಎಂದು ಅತ್ತ. ಅವರ ಸೀರೆಯೆಲ್ಲ ಒದ್ದೆಯಾಯಿತು. ಅವರು ಅವನ ತಲೆ ಸವರುತ್ತಾ ಬಂದರಿನ ಬಾಯಿಯ ಕಡೆ ನೋಡುತ್ತಾ ಕೂತರು. ಬಿಸಿಲು ಏರುವತನಕ ಇಬ್ಬರೂ ಅಲ್ಲಿಂದ ಏಳಲಿಲ್ಲ.

ಹದಿಮೂರಕ್ಕೆ ಆಸ್ಪತ್ರೆ ಸೇರಿದ ಅತ್ತಿಗೆ ವಾಪಸು ಬರಲಿಲ್ಲ. ಆಪರೇಷನ್ ಆದ ಆರನೆಯ ದಿನ ಹೋಗಿಬಿಟ್ಟರು.

ಮುರಿದ ದೋಣಿಯನ್ನು ಬೀಗದಣ್ಣ ರಿಪೇರಿ ಮಾಡಿಸಲಿಲ್ಲ, ಮಾರಲೂ ಇಲ್ಲ. ಅಂಗಳದ ಮೂಲೆಯಲ್ಲಿ ಬೋರಲು ಹಾಕಿಸಿದ. ಈ ವರ್ಷ ಗಾಳಿ ಬದಲಾಗಿ ನಾವೆಲ್ಲ ಮತ್ತೆ ದಡ ಹತ್ತಿದ ಮೇಲೆ, ದೋಣಿಯಿಲ್ಲದ ಅವನೂ ಪ್ರತಿ ಭಾನುವಾರ ಬರಲು ಶುರುಮಾಡಿದ. ಬಂದು ನನ್ನ ಪಕ್ಕ ಕೂರುತ್ತಾನೆ, ಹತ್ತಿಯ ಎಳೆ ಬಿಡಿಸಿ ಕೊಡುತ್ತಾನೆ. ಮಾತು ತಾನಾಗಿಯೇ ಮತ್ತೆ ಕೂಡಿಕೊಂಡಿತು. ನನ್ನ ಹೆಂಡತಿ ಕಟ್ಟಿಕೊಟ್ಟ ಡಬ್ಬಿಯಲ್ಲಿ ಇಬ್ಬರೂ ಹಂಚಿಕೊಂಡು ತಿನ್ನುತ್ತೇವೆ.

ಹೋದ ಭಾನುವಾರ ಅವನು ಎಳೆ ಬಿಡಿಸುತ್ತಾ, ತಲೆ ಎತ್ತದೆ, ಕೇಳಿದ.

"ನಾನು ಅಷ್ಟು ಬಿಗಿಯಾಗಿ ಬಡೀತಿದ್ದದ್ದು ನಿನಗೆ ಗೊತ್ತಾಗ್ಲಿಲ್ಲ ಅಲ್ವಾ?"

ಈ ಒಂದು ವರ್ಷ ನಾನು ಹೆದರಿದ್ದದ್ದು ಈ ಪ್ರಶ್ನೆಗೇ. ಹೇಳಿಬಿಡಬೇಕು ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಅವನೇ, "ಗೊತ್ತಾಗಿರಲ್ಲ ಬಿಡು. ಆಸ್ಪತ್ರೇಲಿ ಅವಳೂ ಅದನ್ನೇ ಅಂದ್ಲು. ಟೈಲರ್ ನೋಡಿದ್ರೆ ಸುಮ್ನೆ ಇರ್ತಿರ್ಲಿಲ್ಲ, ಎಷ್ಟೇ ಜಗಳ ಇದ್ರೂ ಓಡಿ ಬಂದು ನಿಮ್ಮ ಕೈ ಹಿಡೀತಿದ್ದ ಅಂತ" ಎಂದ.

ಇನ್ನೊಂದು ಎಳೆ ಬಿಡಿಸಿ ನನ್ನ ಕಡೆ ಚಾಚಿದ.

"ಹೌದಣ್ಣ" ಎಂದು ಅದನ್ನು ತೆಗೆದುಕೊಂಡೆ.