ವಿರುಪಾಕ್ಷಪ್ಪ ಶೇರು ಕೊಂಡದ್ದು

ಐನಾಪುರದ ವಿರುಪಾಕ್ಷಪ್ಪನಿಗೆ ದ್ರಾಕ್ಷಿ ತೋಟಕ್ಕಿಂತ ಹೆಚ್ಚಿನ ಆಸ್ತಿ ಒಂದಿತ್ತು. ಒಣದ್ರಾಕ್ಷಿ ಈಗಲೇ ಮಾರಬೇಕೋ, ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯಬೇಕೋ ಎಂದು ಕೇಳಲು ಊರ ಜನ ಅವನ ಕಟ್ಟೆಗೇ ಬರುತ್ತಿದ್ದರು. ಅವನ ಉತ್ತರ ಹೆಚ್ಚುಕಡಿಮೆ ಒಂದೇ. "ಇಡ್ರಿ. ರೇಟ್ ಎಲ್ಲಿ ಹೋಗತೈತಿ, ಬಂದ ಬರತೈತಿ." ರೇಟು ಬಹಳ ಸಲ ಬರುತ್ತಲೂ ಇತ್ತು. ಹೀಗಾಗಿ ಮರ್ಯಾದೆ ಬಂತು, ಅದರ ಬೆನ್ನಿಗೆ ಗತ್ತೂ ಬಂತು. ಗತ್ತನ್ನು ಅವನು ಎಂದೂ ಮುಚ್ಚಿಡಲಿಲ್ಲ.

ಈಗ ಜನ ಅದೇ ಕಟ್ಟೆ ದಾಟಿ ಪಕ್ಕದ ಮನೆಗೆ ಹೋಗುತ್ತಾರೆ. ಅಲ್ಲಿರುವವನು ಚಿಕ್ಕಪ್ಪನ ಮಗ ಸಂಜಯ, ವಿರುಪಾಕ್ಷಪ್ಪನೇ ಕೈಹಿಡಿದು ಬಳ್ಳಿ ಕತ್ತರಿಸುವುದನ್ನು ಕಲಿಸಿದ ಹುಡುಗ.

ಸಂಜಯನದು ಬೇರೆಯೇ ದಾರಿ. ಎಲ್ಲಕ್ಕಿಂತ ಜೋರಾಗಿ ಬೆಳೆಯುತ್ತಿರುವ ಸಣ್ಣ ಕಂಪನಿಗಳ ಶೇರನ್ನು ಏರುತ್ತಿರುವಾಗಲೇ ಕೊಳ್ಳುತ್ತಾನೆ. ಮೊಬೈಲಿನಲ್ಲಿ ಎರಡು ಗೆರೆ: ಹಸಿರು ಇತ್ತೀಚಿನ ಕೆಲವು ದಿನಗಳ ಸರಾಸರಿ ರೇಟು, ಕೆಂಪು ಬಹಳ ದಿನಗಳದ್ದು. ಹಸಿರು ಗೆರೆ ಕೆಂಪಿನ ಮೇಲೆ ಹೋದರೆ ಓಟ ಇದೆ ಎಂದು ಕೊಳ್ಳುವುದು, ಕೆಳಗೆ ಬಂದರೆ ಓಟ ಮುಗಿಯಿತೆಂದು ಅದೇ ದಿನ ಮಾರುವುದು, ನಷ್ಟವಾದರೂ ಸರಿ.

"ತುಟ್ಟಿ ಆದಾಗ ಕೊಳ್ಳೂದು, ಸೋವಿ ಆದಾಗ ಮಾರೂದು. ಇದೂ ಒಂದ ಶಾಣ್ಯಾತನ?" ಎಂದು ವಿರುಪಾಕ್ಷಪ್ಪ ನಕ್ಕಿದ್ದ.

ಸಂಜಯ ಹೊಸ ಟ್ರ್ಯಾಕ್ಟರ್ ತಂದ ದಿನ ಆ ನಗು ನಿಂತಿತು. ವಿರುಪಾಕ್ಷಪ್ಪನ ಹೆಂಡತಿ ಗೌರಾಬಾಯಿ ಅದಕ್ಕೆ ಆರತಿ ಎತ್ತಿ ಬಂದು, "ಬಂಗಾರದಂಥಾ ಹುಡುಗ ಬಿಡ್ರಿ" ಎಂದಳು. ಅಂದು ವಿರುಪಾಕ್ಷಪ್ಪನಿಗೆ ಊಟ ಸೇರಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಖಾರದಿಂದಲ್ಲ.

ಹಳೇ ಬಳ್ಳಿ ಕಿತ್ತು ಹೊಸದು ಹಚ್ಚಲು ತೆಗೆದಿಟ್ಟ ಹಣವನ್ನೆಲ್ಲ ಹೆಂಡತಿಗೂ ಹೇಳದೆ ಒಂದೇ ಶೇರಿಗೆ ಹಾಕಿದ. ಸೋಲಾರ್ ಪಂಪು ಮಾಡುವ ಕಂಪನಿ. ಚಹಾ ಕುಡಿಯುವಾಗ ಸಂಜಯನ ಬಾಯಿಂದಲೇ ಕೇಳಿಸಿಕೊಂಡದ್ದು. ಶೇರು ಏರಿತು, ಗತ್ತು ಮರಳಿತು. "ನಿನಗಿಂತ ಜಾಸ್ತಿ ತಗೊಂಡೇನಿ" ಎಂದು ಸಂಜಯನ ಮುಂದೆಯೇ ಹೇಳಿಕೊಂಡ.

ಒಂದು ಮುಂಜಾನೆ ಸಂಜಯ ತೋಟಕ್ಕೇ ಓಡಿ ಬಂದ. "ಅಣ್ಣಾ, ಗೆರೆ ಕೆಳಗ ಬಂತು. ನಾ ಎಲ್ಲಾ ಮಾರಾಕತ್ತೇನಿ. ನೀನೂ ಇವತ್ತ ಹೊರಗ ಬಾ."

ವಿರುಪಾಕ್ಷಪ್ಪ ಅವನ ಮುಖ ನೋಡಿದ. ನಾನು ಸರಿಸಮ ಬರುತ್ತಿರುವುದು ಇವನಿಗೆ ಸಹಿಸಲಾಗುತ್ತಿಲ್ಲ, ಇಳಿಸಲು ಬಂದಿದ್ದಾನೆ ಅನ್ನಿಸಿತು. ತನ್ನ ಹೊಟ್ಟೆಯಲ್ಲಿದ್ದುದನ್ನೇ ಅವನ ಹೊಟ್ಟೆಯಲ್ಲೂ ಕಂಡ.

"ನೀ ಮಾರಪಾ. ನಾ ಇಡಾಂವ" ಎಂದ.

ಅದು ಒಣದ್ರಾಕ್ಷಿಯ ಲೆಕ್ಕ. ಮಾಲು ಕೈಯಲ್ಲಿದ್ದರೆ ರೇಟು ಬಂದೇ ಬರಬೇಕು. ಶೇರು ಇಳಿಯಿತು, ಇಟ್ಟ. ಇನ್ನೂ ಇಳಿಯಿತು, ಇಟ್ಟ. ಅದೇನು ಕೋಲ್ಡ್ ಸ್ಟೋರೇಜಿನ ಮಾಲೇ, ತಣ್ಣಗೆ ಕೂತಿರಲು? ಬಳ್ಳಿ ಕೀಳುವ ಕಾಲ ಬರುವಷ್ಟರಲ್ಲಿ ಹಣದ ಕಾಲು ಭಾಗವೂ ಉಳಿದಿರಲಿಲ್ಲ.

ಹೊಸ ಸಸಿ ಯಾವಾಗ ತರುವುದೆಂದು ಗೌರಾಬಾಯಿ ಕೇಳಿದಾಗ ನಿಜ ಹೇಳಲೇಬೇಕಾಯಿತು, ಸಂಜಯ ತೋಟಕ್ಕೆ ಬಂದು ಎಚ್ಚರಿಸಿದ್ದೊಂದನ್ನು ಬಿಟ್ಟು. ಅವಳು ಅಳಲಿಲ್ಲ. ಸಂಜಯನನ್ನು ಕರೆಸಿದಳು.

"ಅದ ಶೇರ ನೀನೂ ತಗೊಂಡಿದ್ದೆಲ್ಲಪಾ. ನೀ ಪಾರಾದಿ. ನಿಮ್ಮ ಅಣ್ಣಗ ಒಂದ ಮಾತ ಹೇಳಬಾರದಿತ್ತೇನು?"

ಸಂಜಯ ಅಣ್ಣನ ಕಡೆ ನೋಡಿದ. ಅಣ್ಣ ನೆಲ ನೋಡುತ್ತಿದ್ದ.

"ನೆನಪ ಹಾರಿತ್ರಿ, ವೈನಿ" ಎಂದ ಸಂಜಯ. "ನಂದ ತಪ್ಪು. ಹೊಸ ಬಳ್ಳಿ ಖರ್ಚ ನಾ ನೋಡ್ಕೋತೀನಿ."

ವಿರುಪಾಕ್ಷಪ್ಪನ ಮೈಯೆಲ್ಲ ಉರಿದುಹೋಯಿತು. ಗಳಿಕೆಯಲ್ಲಿ ಗೆದ್ದ, ಊರವರನ್ನು ಗೆದ್ದ, ಈಗ ಒಳ್ಳೆಯತನದಲ್ಲೂ ಇವನೇ ಮೇಲೆ. ಅವನು ಹೇಳಿದ್ದ, ನಾನೇ ಕೇಳಲಿಲ್ಲ ಎಂಬ ಮಾತು ಗಂಟಲವರೆಗೆ ಬಂತು. ಅದನ್ನು ಹೇಳಿದರೆ ಗೌರಾಬಾಯಿಯ ಕಣ್ಣಲ್ಲಿ ಸಂಜಯ ಇನ್ನಷ್ಟು ಮೇಲೇರುತ್ತಿದ್ದ.

"ಹೌದು" ಎಂದ ವಿರುಪಾಕ್ಷಪ್ಪ, ತಲೆ ಎತ್ತದೆ. "ಹೇಳಬೇಕಾಗಿತ್ತ ನೀ."